ಟೋಬಿಗೆ ಇವತ್ತು ಹುರುಳಿ ಇಲ್ಲ

ಪ್ರೀತಿಯ ಗೆಳೆಯಾ,

ಕಾಲೇಜಿನಲ್ಲಿ ನಾವು ಆಡಿದ ರಷ್ಯದ ಚೆಕಾಫನ 'ಕರಡಿ' ನಾಟಕ ನೆನಪಿದೆಯಾ? ನೀನು ವಿಧವೆ ಪೊಪೋವಾಳ ಮನೆಗೆ ಸಾಲ ವಸೂಲಿಗೆ ಬಂದು, ಪಿಸ್ತೂಲಿನವರೆಗೂ ಜಗಳ ಆಡಿ, ಕೊನೆಗೆ ಅವಳನ್ನೇ ಮೆಚ್ಚುವ ಸ್ಮಿರ್ನೋವ್, ನಾನು ಅವಳ ಮುದಿ ಆಳು ಲೂಕಾ. ಓಟ್ಸ್ ಅಂದ್ರೆ ಯಾರಿಗೂ ಗೊತ್ತಾಗಲ್ಲ ಅಂತ ನಾಟಕದ ಟೋಬಿ ಕುದುರೆಗೆ ಮಾತಿನಲ್ಲಿ ಹುರುಳಿ ಹಾಕಿಸಿದ್ದೆವು. ನೀನು ಪಿಸ್ತೂಲು ಎತ್ತಿದ ಹೊತ್ತಿಗೇ ಅಂಟಿಸಿದ್ದ ಮೀಸೆ ಕಳಚಿ ಬಿತ್ತು. ಜನ ಜಾಸ್ತಿ ನಕ್ಕಿದ್ದು ಅದಕ್ಕೇ.

ಮೊನ್ನೆ ಅದೇ ನಾಟಕವನ್ನು ಹಾಡಿನಲ್ಲಿ ಕೇಳಿದೆ ಕಣೋ. ಇಂಗ್ಲೆಂಡಿನ ವಿಲಿಯಂ ವಾಲ್ಟನ್ ಮಾಡಿದ 'ದಿ ಬೇರ್' ಅನ್ನೋ ಆಪೆರಾ. 1967ರ ಜೂನ್‌ನಲ್ಲಿ ಆಲ್ಡ್‌ಬರೋ ಉತ್ಸವದಲ್ಲಿ ಮೊದಲ ಪ್ರದರ್ಶನ. ಒಂದೇ ಅಂಕ, ಹಾಡುವವರು ಮೂರೇ ಜನ, ಒಂದು ಗಂಟೆಯೂ ಹಿಡಿಯಲ್ಲ. ಹಿಂದಿನ ವರ್ಷವಷ್ಟೇ ವಾಲ್ಟನ್‌ಗೆ ಶ್ವಾಸಕೋಶದ ಕ್ಯಾನ್ಸರ್ ಆಪರೇಷನ್ ಆಗಿತ್ತು. ಅದರ ಬೆನ್ನಿಗೇ ಇಷ್ಟು ತುಂಟ ಸಂಗೀತ! ಮಾತುಗಳನ್ನು ಹೊಂದಿಸಿದವನು ಪಾಲ್ ಡೆನ್. 'ಗೋಲ್ಡ್‌ಫಿಂಗರ್' ಅನ್ನೋ ಜೇಮ್ಸ್ ಬಾಂಡ್ ಸಿನಿಮಾಕ್ಕೆ ಚಿತ್ರಕಥೆ ಬರೆದವರಲ್ಲಿ ಅವನೂ ಒಬ್ಬ. ಪಿಸ್ತೂಲು ಅವನಿಗೆ ಹೊಸದೇನಲ್ಲ ಬಿಡು.

ಕೇಳುತ್ತಾ ಕೇಳುತ್ತಾ ನಮ್ಮ ತಪ್ಪು ಗೊತ್ತಾಯಿತು. ನಾವು ನಗಿಸೋಕೆ ಒದ್ದಾಡಿದೆವು. ನಮ್ಮ ಪೊಪೋವಾ ಅಳುವಾಗಲೂ ಜನರ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದಳು, ಅಲ್ವಾ? ವಾಲ್ಟನ್ನನ ಪೊಪೋವಾ ಹಾಗಲ್ಲ. ಸತ್ತ ಗಂಡ ಬೇರೆ ಹೆಂಗಸರ ಹಿಂದೆ ಸುತ್ತಿದವನು, ಇವಳ ದುಡ್ಡು ಹಾಳು ಮಾಡಿದವನು. ಆದರೂ ನಾನು ನಿಷ್ಠೆ ಬಿಡಲಿಲ್ಲ ಅಂತ ಅವಳು ಹಾಡುವುದು ದೊಡ್ಡ ದುರಂತ ಆಪೆರಾದ ನಾಯಕಿಯ ಗತ್ತಿನಲ್ಲಿ. ಸಂಗೀತ ಎಲ್ಲೂ ಅವಳನ್ನು ಆಡಿಕೊಳ್ಳಲ್ಲ. ಆ ದುಃಖದ ಅಡಿಯಲ್ಲಿ ಹಠ ಇದೆ, 'ನೋಡು, ನಿನಗಿಂತ ನಾನೇ ಮೇಲು' ಅನ್ನೋ ಹಠ. ಅದು ಕಿವಿಗೆ ಬಿದ್ದ ಮೇಲೆ ನಗು ತಡೆಯೋಕಾಗಲ್ಲ.

ನೀನು ನಾಲಿಗೆ ತಿರುಗದೆ ನುಂಗಿಬಿಟ್ಟೆಯಲ್ಲ, ಸ್ಮಿರ್ನೋವ್ ಫ್ರೆಂಚ್ ಬೆರೆಸಿ 'ಮದಾಂ' ಅಂತ ಅಣಕಿಸುವ ಮಾತು? ಇಲ್ಲಿ ಅದನ್ನೇ ಒಂದಿಡೀ ಹಾಡು ಮಾಡಿದ್ದಾರೆ. ಹೊಟ್ಟೆಕಿಚ್ಚು ಪಡಬೇಡ.

ಒಂದು ತಕರಾರಿದೆ. ಮಾತಿನಲ್ಲಾದರೆ ಜಗಳ ಪಟಪಟ ಹತ್ತಿಕೊಳ್ಳುತ್ತೆ. ಹಾಡಿನಲ್ಲಿ ಸಿಟ್ಟಿಗೂ ಉಸಿರೆಳೆದುಕೊಳ್ಳುವ ಪುರುಸೊತ್ತು ಬೇಕು. ಅಲ್ಲಲ್ಲಿ ನನಗೆ ನಿನ್ನ ಕಿರುಚಾಟವೇ ವಾಸಿ ಅನ್ನಿಸಿತು!

ಚೆಕಾಫ್ ನಾಟಕ ಮುಗಿಸುವುದು ಕುದುರೆಯ ಮಾತಿನಿಂದ. ಗಂಡನ ಪ್ರೀತಿಯ ಟೋಬಿಗೆ ಒಂದು ಅಳತೆ ಜಾಸ್ತಿ ಓಟ್ಸ್ ಕೊಡಿಸು ಅಂದಿದ್ದವಳು, ಕೊನೆಗೆ ತಲೆ ತಗ್ಗಿಸಿ, ಇವತ್ತು ಟೋಬಿಗೆ ಓಟ್ಸ್ ಬೇಡ ಅಂತ ಲೂಕಾಗೆ ಹೇಳುತ್ತಾಳೆ. ಅವಳ ಶೋಕ ಮುಗಿದದ್ದು ಅಷ್ಟರಲ್ಲೇ ತಿಳಿಯುತ್ತೆ. ನಾನು ಕೊಡಲಿ ಹಿಡಿದು ಆ ಮಾತಿಗೆ ಕಾಯುತ್ತಾ ನಿಂತಿದ್ದೆ. ನೀವಿಬ್ಬರೂ ಕೈ ಹಿಡಿದದ್ದೇ ತಡ, ಪರದೆ ಎಳೆದುಬಿಟ್ಟರು. ನಮ್ಮ ಟೋಬಿ ಇನ್ನೂ ಹುರುಳಿ ತಿನ್ನುತ್ತಾ ಇರಬೇಕು.

ಇಂತಿ ನಿನ್ನ
ಲೂಕಾ