ದಿಂಬು ಒತ್ತಿ ಹಿಡಿದ ಕೈಗಳಿಗೆ

ನಮ್ಮ ಸರ್ಜರಿ ವಾರ್ಡಿನಲ್ಲಿ ಮಾತ್ರೆ, ಇಂಜೆಕ್ಷನ್ ಜೊತೆಗೆ ಔಷಧವಿಲ್ಲದ ನೋವುಶಮನವೂ ದಿನಚರಿಗೆ ಸೇರಿ ಒಂದು ವರ್ಷ ತುಂಬಿತು. ಕೇಸ್ ಶೀಟಿನಲ್ಲಿ ಕಾಣದ ಕೆಲಸವಿದು. ಮಾಡಿದವರಿಗೆಲ್ಲ ಬಹಿರಂಗವಾಗಿಯೇ ವಂದನೆ ಹೇಳಬೇಕು.

ಮೊದಲು ರಾತ್ರಿ ಪಾಳಿಯ ಸಿಸ್ಟರ್‌ಗಳಿಗೆ. ಹೊಟ್ಟೆಯ ಆಪರೇಷನ್ ಆದವರು ನೋವಿಗೆ ಹೆದರಿ ಕೆಮ್ಮು ನುಂಗುತ್ತಾರೆ. ಕಫ ಎದೆಯಲ್ಲೇ ಕಟ್ಟಿ ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ನೀವು ಅವರ ಮಂಡಿ ಮಡಿಸಿ, ಹೊಲಿಗೆಯ ಮೇಲೆ ದಿಂಬಿಟ್ಟು, ಎರಡೂ ಅಂಗೈಯಿಂದ ಒತ್ತಿ ಹಿಡಿಯಲು ಕಲಿಸಿದಿರಿ. ಮೊದಲು ಒತ್ತಬೇಕು, ಆಮೇಲೆ ಕೆಮ್ಮಬೇಕು. ಕೆಮ್ಮು ಬಂದಾಗ ದಿಂಬು ಹುಡುಕಿದರೆ ಗಾಯ ಆಗಲೇ ಜಗ್ಗಿರುತ್ತದೆ. ಅದಕ್ಕೇ ದಿಂಬು ಸದಾ ಕೈಗೆ ಸಿಗುವಲ್ಲೇ ಇರುತ್ತಿತ್ತು.

ಫಿಸಿಯೋಥೆರಪಿಯವರೇ, ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ, ಗಡಿಯಾರ ನೋಡಿ 15 ನಿಮಿಷಕ್ಕೆ ತೆಗೆಯುವ ಶಿಸ್ತು ನಿಮ್ಮದು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ, ಬೆನ್ನಿಗೆ ಕೊಟ್ಟ ಅರಿವಳಿಕೆ ಇನ್ನೂ ಇಳಿಯದವರಿಗೆ ಚರ್ಮಕ್ಕೆ ಪೆಟ್ಟಾದರೂ ತಿಳಿಯುವುದಿಲ್ಲ. ಇಡುವ ಮುನ್ನ ಬೆರಳಿಂದ ಮುಟ್ಟಿ "ಗೊತ್ತಾಗ್ತಿದೆಯಾ?" ಎಂದು ನೀವು ಕೇಳುವ ಆ ಒಂದು ಮಾತು ನಮಗೆ ಬಹಳ ದೊಡ್ಡದು. ಪೇಸ್‌ಮೇಕರ್ ಇದ್ದವರಿಗೆ, ಚರ್ಮದ ಮೇಲೆ ಸಣ್ಣ ವಿದ್ಯುತ್ ಹರಿಸಿ ಜುಮುಗುಡಿಸುವ ಟೆನ್ಸ್ ಯಂತ್ರ ಹಚ್ಚದಂತೆ ಕಾದವರೂ ನೀವೇ. ಸವರುವುದು, ಜುಮುಗುಡಿಸುವುದು ನೋವಿನ ಸಂದೇಶವನ್ನು ಬೆನ್ನುಹುರಿಯಲ್ಲೇ ತಗ್ಗಿಸಬಲ್ಲದು ಎಂದು ನೋವಿನ ಸಂಶೋಧಕರಾದ ಮೆಲ್ಝಾಕ್ ಮತ್ತು ವಾಲ್ 1965ರಲ್ಲೇ ವಿವರಿಸಿದ್ದರು.

ಮಗುವನ್ನು ಮಲಗಿಸಿ ಅದುಮಿ ಹಿಡಿಯುವ ಬದಲು ತೊಡೆಯ ಮೇಲೆ ಕೂರಿಸಿಕೊಂಡು, ಸೂಜಿ ಚುಚ್ಚುವಾಗ ಸೋಪಿನ ಗುಳ್ಳೆ ಊದಿಸಿದ ಅಮ್ಮಂದಿರಿಗೆ, "ನೋಯೋದೇ ಇಲ್ಲ" ಎಂಬ ಸುಳ್ಳು ಹೇಳದಿದ್ದುದಕ್ಕೂ ಸೇರಿಸಿ, ನಮಸ್ಕಾರ. ಡ್ರೆಸ್ಸಿಂಗ್ ಬಿಚ್ಚುವಾಗ ಪಕ್ಕದಲ್ಲಿ ಕೂತು, ನಾಲ್ಕು ಎಣಿಸುವಷ್ಟು ಉಸಿರು ಎಳೆಸಿ ಆರು ಎಣಿಸುವಷ್ಟು ಬಿಡಿಸಿದ ಮನೆಯವರಿಗೂ. ರಾತ್ರಿ ದೀಪ ತಗ್ಗಿಸಿ, ಟ್ರಾಲಿ ಸದ್ದಿಲ್ಲದೆ ತಳ್ಳಿದ ಆಯಾಗಳಿಗೂ.

ಇವೆಲ್ಲ ಔಷಧದ ಜೊತೆಗೆ, ಅದರ ಜಾಗಕ್ಕಲ್ಲ. ಪ್ಲಾಸ್ಟರ್ ಹಾಕಿದ ಕಾಲಿನಲ್ಲಿ ನೋವು ಏರುತ್ತಲೇ ಹೋಗಿ, ಬೆರಳು ಅಲುಗಿಸಿದರೂ ಜೀವ ಹೋದಂತಾದರೆ ಐಸು, ಉಸಿರಾಟ ಎಂದು ಹೊತ್ತು ಕಳೆಯುವಂತಿಲ್ಲ. ಒಳಗೆ ಒತ್ತಡ ಏರಿ ರಕ್ತಸಂಚಾರ ನಿಲ್ಲುತ್ತಿರಬಹುದು. ಕರೆದ ಕೂಡಲೇ ಓಡಿ ಬಂದ ಡಾಕ್ಟರುಗಳಿಗೆ ನಾವು ಋಣಿ.

ಕೊನೆಗೆ ರೋಗಿಗಳಿಗೆ. ಇದನ್ನೆಲ್ಲ ಮಾಡಿದ ಅರ್ಧ ಗಂಟೆಯ ನಂತರ ನಾವು ಮತ್ತೆ ಬಂದು ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು ಎಂದು ಕೇಳಿದಾಗ, ನಮ್ಮ ಸಮಾಧಾನಕ್ಕೆಂದು ಮೂರು ಎನ್ನದೆ, "ಇನ್ನೂ ಏಳೇ ಇದೆ ಸಿಸ್ಟರ್" ಎಂದಿರಿ. ಮುಂದಿನ ಡೋಸಿಗೆ ಡಾಕ್ಟರನ್ನು ಕರೆಯಲು ನಮಗೆ ಬೇಕಿದ್ದದ್ದು ಆ ಏಳೇ.