ಲಿವರ್ ಕೊಡೋರ ಬಗ್ಗೆನೂ ಸ್ವಲ್ಪ ಯೋಚಿಸಿ

ಸಂಪಾದಕರೇ,

ಲಿವರ್ ಟ್ರಾನ್ಸ್‌ಪ್ಲಾಂಟ್ ಅಂದ್ರೆ ಎಲ್ರೂ ಪೇಷಂಟ್ ಹೇಗಿದ್ದಾರೆ ಅಂತ ಕೇಳ್ತಾರೆ, ಲಿವರ್ ಕೊಟ್ಟೋರನ್ನ ವಿಚಾರಿಸೋರು ಕಮ್ಮಿ. ನಮ್ಮಕ್ಕ ಅಪ್ಪನಿಗೆ ತನ್ನ ಲಿವರ್‌ನ ಒಂದು ಭಾಗ ಕೊಟ್ಟಾಗ ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಕೊಯ್ದಿದ್ರು, ಎಷ್ಟೋ ದಿನ ಕೆಮ್ಮೋಕೂ ಹೆದರ್ತಿದ್ಲು.

ಹೀಗೆ ಉದ್ದಕ್ಕೆ ಕೊಯ್ಯೋ ಬದಲು ಕೀಹೋಲ್ ಸರ್ಜರಿಲಿ ಸಣ್ಣ ಸಣ್ಣ ತೂತಿಂದ ಕ್ಯಾಮೆರಾ, ಉಪಕರಣ ಹಾಕಿ ಲಿವರ್ ಭಾಗ ಬಿಡಿಸಿ, ಹೊಟ್ಟೆ ಕೆಳಗಡೆ ಸಿಸೇರಿಯನ್ ತರ ಒಂದು ಗಾಯ ಮಾಡಿ ಹೊರಗೆ ತೆಗೀತಾರೆ, ನೋವು ಕಮ್ಮಿ, ಬೇಗ ಎದ್ದು ಓಡಾಡ್ಬೋದು. ಮಕ್ಕಳಿಗೆ ಕೊಡೋ ಎಡಗಡೆಯ ಚಿಕ್ಕ ಭಾಗವನ್ನ ಹೀಗೆ ತೆಗೆದಿದ್ದನ್ನ ಫ್ರಾನ್ಸ್ ಡಾಕ್ಟರ್‌ಗಳು 2002ರಲ್ಲೇ ವರದಿ ಮಾಡಿದ್ರು. ಆದ್ರೆ ದೊಡ್ಡೋರಿಗೆ ಸಾಮಾನ್ಯವಾಗಿ ಬಲಗಡೆ ಭಾಗನೇ ಬೇಕು, ಅಂದ್ರೆ ಲಿವರ್‌ನ ಸುಮಾರು 60%, ಅದು ಬಹಳ ಕಷ್ಟದ ಕೆಲಸ, ಪಿತ್ತನಾಳ ಒಬ್ಬೊಬ್ರಿಗೆ ಒಂದೊಂದು ತರ ಇರುತ್ತೆ, ರಕ್ತಸ್ರಾವ, ಪಿತ್ತ ಸೋರಿಕೆ ರಿಸ್ಕೂ ಹೋಗಲ್ಲ. ಗಾಯ ಚಿಕ್ಕದು ಅಂದ ಮಾತ್ರಕ್ಕೆ ಆಪರೇಷನ್ ಚಿಕ್ಕದಲ್ಲ.

ಅದಕ್ಕೇ ಸರ್ಜನ್ ಇಂಥ ಎಷ್ಟು ಕೇಸ್ ಮಾಡಿದ್ದಾರೆ, ಎಷ್ಟು ಸಲ ಮಧ್ಯದಲ್ಲಿ ಕೀಹೋಲ್ ಬಿಟ್ಟು ಉದ್ದಕ್ಕೆ ಕೊಯ್ದು ಓಪನ್ ಮಾಡ್ಬೇಕಾಯ್ತು ಅನ್ನೋದನ್ನ ದಾನಿ ಕೇಳೋಕ್ ಮುಂಚೆನೇ ಆಸ್ಪತ್ರೆಯವ್ರೇ ಬರೆದು ಕೊಡ್ಲಿ.

– ಒಬ್ಬ ಓದುಗ