ದಕ್ಷಿಣ ಇಟಲಿಯ ಸಲೆಂಟೊದ ಆ ಓಣಿಗೆ, ಮುಖ್ಯವಾಗಿ ಝಿಯಾಗೆ

ಮೊನ್ನೆ ತೀರ್ಥಹಳ್ಳಿಯಲ್ಲಿ ಅಪ್ಪನ ವರ್ಷದ ಕಾರ್ಯ ಮುಗಿಯಿತು. ಕಳೆದ ಆಗಸ್ಟಿನಿಂದ ಫೋನ್ ಮಾಡಿದವರಿಗೆ, ಮೆಸೇಜ್ ಕಳಿಸಿದವರಿಗೆ ನಾನು ನೆಟ್ಟಗೆ ಉತ್ತರ ಕೊಟ್ಟಿಲ್ಲ. ಅಪ್ಪನ ಕಾಯಿಲೆ, ಆಸ್ಪತ್ರೆ ಓಡಾಟ ಎಲ್ಲ ನಿಮಗೆ ಗೊತ್ತಿದ್ದದ್ದೇ, ಅದನ್ನು ಮತ್ತೆ ಬಿಚ್ಚುವುದಿಲ್ಲ. ಸುದ್ದಿ ಬಂದಾಗ ನಾನು ಯಾರ ಮನೆಯಲ್ಲಿದ್ದೆ ಅನ್ನುವುದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಆ ಮನೆಯವರ ಬಗ್ಗೆ ಬರೆಯಬೇಕು ಅಂತ ಒಂದು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಕನ್ನಡದಲ್ಲೇ ಬರೆಯುತ್ತಿದ್ದೇನೆ, ಯಾಕೆಂದರೆ ನನ್ನ ಇಟಾಲಿಯನ್ ತರಕಾರಿ ಅಂಗಡಿ ದಾಟುವುದಿಲ್ಲ.

ಬೇಸಿಗೆ ರಜೆಯಲ್ಲಿ ಮ್ಯೂನಿಕ್‌ನಿಂದ ತನ್ನ ಊರಿಗೆ ಕಾರಿನಲ್ಲೇ ಹೋಗಬೇಕು ಅನ್ನುವುದು ನನ್ನ ಗಂಡನ ಹಟ. ಬ್ರೆನ್ನರ್ ಕಣಿವೆ ಇಳಿದು, ಮೊಡೆನಾದಲ್ಲಿ ಒಂದು ರಾತ್ರಿ ತಂಗಿ, ಬೊಲೊನ್ಯಾದಿಂದ ಎ14 ಹೆದ್ದಾರಿ ಹಿಡಿದರೆ ರಿಮಿನಿಯಿಂದ ಮುಂದಕ್ಕೆ ಎಡಗಡೆ ಏಡ್ರಿಯಾಟಿಕ್ ಸಮುದ್ರ ಆಗಾಗ ಇಣುಕುತ್ತದೆ. ಬಾರಿ, ಬ್ರಿಂಡಿಸಿ, ಲೆಚ್ಚೆ ದಾಟಿದ ಮೇಲೆ ಗಲ್ಲಿಪೊಲಿ ಕಡೆ ಅವರ ಊರು. ಆಗಸ್ಟಿನಲ್ಲಿ ಅರ್ಧ ಇಟಲಿ ಅದೇ ರಸ್ತೆಯಲ್ಲಿರುತ್ತದೆ. ತೀರಾ ದಟ್ಟಣೆಯ ದಿನಗಳಿಗೆ ಅಲ್ಲಿನ ಸಾರಿಗೆಯವರು ಕ್ಯಾಲೆಂಡರಿನಲ್ಲಿ ಮೊದಲೇ ಕಪ್ಪು ಗುರುತು ಹಾಕಿಟ್ಟಿರುತ್ತಾರೆ. ನಮ್ಮವನು ಸರಿಯಾಗಿ ಅಂಥ ದಿನವೇ ಹೊರಡುತ್ತಾನೆ. ಅಪ್ಪ ಮಂಚದ ಮೇಲೆ ಮಲಗಿಕೊಂಡೇ ಫೋನಿನ ಮ್ಯಾಪಿನಲ್ಲಿ ನಮ್ಮ ಜೊತೆ ಬರುತ್ತಿದ್ದರು. "ಅಂಕೋನಾ ದಾಟಿದ್ರಾ? ಊಟ ಆಯ್ತಾ?" ಹೋಗಿ ಬಾ ಅಂತ ಕಳಿಸಿದ್ದೂ ಅವರೇ.

ದಾರಿಯಲ್ಲಿ ಹಾಸಿಗೆ ಹಾಸಿಕೊಟ್ಟ ಮೊಡೆನಾದ ನಾದಿನಿ ಮತ್ತು ಅವಳ ಗಂಡ, ಪೆಸ್ಕಾರಾದಲ್ಲಿ ಊಟಕ್ಕೆ ನಿಲ್ಲಿಸಿ ಸಂಜೆಯವರೆಗೂ ಬಿಡದ ದೊಡ್ಡಮ್ಮನ ಮಕ್ಕಳು, ಬ್ರಿಂಡಿಸಿಯ ವಿಮಾನ ನಿಲ್ದಾಣಕ್ಕೆ ಬೆಳಗಿನ ಜಾವ ಕಾರು ಓಡಿಸಿದ ಮೈದುನ, ಮ್ಯೂನಿಕ್‌ನಲ್ಲಿ ನಮ್ಮ ಮನೆಯ ಗಿಡಗಳನ್ನೂ ನನ್ನ ಆಫೀಸಿನ ಕೆಲಸವನ್ನೂ ನೋಡಿಕೊಂಡ ಗೆಳತಿಯರು, ಎಲ್ಲರಿಗೂ ನಾನು ಋಣಿ.

ಮಾವನ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು. ಅವರಿಗೂ ಅಪ್ಪನಿಗೂ ಒಂದೂ ಸಮಾನ ಭಾಷೆ ಇರಲಿಲ್ಲ, ಆದರೂ ವಿಡಿಯೊ ಕಾಲ್ ಅರ್ಧ ಗಂಟೆಗೆ ಕಡಿಮೆ ಮುಗಿಯುತ್ತಿರಲಿಲ್ಲ. 2013ರಲ್ಲಿ ಗಲ್ಲಿಪೊಲಿಯ ಸುತ್ತ ಆಲಿವ್ ಮರಗಳಲ್ಲಿ ಕ್ಸೈಲೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಪತ್ತೆಯಾಯಿತಲ್ಲ, ಅದರಲ್ಲಿ ಮಾವನ ತಾತನ ಕಾಲದ ಮರಗಳೂ ಒಣಗಿ ಹೋದವು. ಅಪ್ಪ ನಮ್ಮ ತೋಟದ ಹಳದಿ ಎಲೆ ರೋಗ ತೋರಿಸುವರು, ಮಾವ ಬೋಳು ಮರ ತೋರಿಸುವರು. ನಡುವೆ ನಮ್ಮವನು ಅನುವಾದ ಮಾಡಲು ಬಾಯಿ ಹಾಕಿದರೆ ಇಬ್ಬರೂ ಅವನನ್ನು ಸುಮ್ಮನಿರಿಸುವರು. ರೋಗ ತಡೆಯುವ 'ಫಾವೊಲೋಸಾ' ತಳಿಯ ಸಸಿಗಳನ್ನು ನೆಟ್ಟ ದಿನ ಮಾವ ಮೊದಲು ಫೋಟೊ ಕಳಿಸಿದ್ದು ತಮ್ಮ ಬೀಗರಿಗೆ.

ಇನ್ನು ಝಿಯಾ. ಮಾವನ ಅಕ್ಕ. ಎಪ್ಪತ್ತೈದು ದಾಟಿದೆ. 1955ರಲ್ಲಿ ಇಟಲಿ–ಜರ್ಮನಿ ನಡುವೆ ಕೂಲಿಗಾರರ ಒಪ್ಪಂದ ಆದ ಮೇಲೆ ದಕ್ಷಿಣದ ಊರುಗಳಿಂದ ರೈಲು ಹತ್ತಿದ ಸಾವಿರಾರು ಜನರ ಹಿಂದೆಯೇ, ಮುಂದಿನ ಪೀಳಿಗೆಯಲ್ಲಿ ಇವರೂ ಹೋದವರು. ಕಾರ್ಖಾನೆಯಲ್ಲಿ ಕಲಿತ ಅವರ ಜರ್ಮನ್ ಒರಟಾಗಿದೆ, ನನ್ನದು ಆಫೀಸಿನ ಜರ್ಮನ್. ಆ ಮನೆಯಲ್ಲಿ ಗಂಡನ ಸಹಾಯವಿಲ್ಲದೆ ನಾನು ಮಾತಾಡಬಲ್ಲವರು ಅವರೊಬ್ಬರೇ. ಅಲ್ಲಿಯವರೆಗೆ ನಮ್ಮ ಮಾತು ಹೆಚ್ಚಾಗಿ ನನ್ನ ಒದ್ದೆ ಕೂದಲಿನ ಬಗ್ಗೆಯೇ ಇತ್ತು. ತಲೆಗೆ ನೀರು ಹಾಕಿಕೊಂಡು ಗಾಳಿಗೆ ಹೋದರೆ ಕತ್ತು ಹಿಡಿದುಕೊಳ್ಳುತ್ತದೆ ಅಂತ ಟವೆಲ್ ಹಿಡಿದು ಅಂಗಳದುದ್ದಕ್ಕೂ ಹಿಂದೆ ಬರುವವರು.

ಫೋನ್ ಬಂದದ್ದು ಆಗಸ್ಟ್ 15ರ ಫೆರ್ರಾಗೊಸ್ತೊ ಹಬ್ಬದ ಹಿಂದಿನ ಸಂಜೆ. "ಅಕ್ಕಾ, ಕಾಯೋಣ್ವಾ?" ಅಂತ ತಮ್ಮ ಕೇಳಿದ. ಎಷ್ಟು ಬೇಗ ಹೊರಟರೂ ಎರಡು ದಿನ. ಆಶ್ಲೇಷ ಮಳೆ, ಊರಲ್ಲಿ ಕರೆಂಟಿಲ್ಲ. ಬೇಡ ಅಂದೆ.

ಅಲ್ಲಿ ಬೆಳಗ್ಗೆ ಏಳು ಗಂಟೆ ಅಂದರೆ ಇಟಲಿಯಲ್ಲಿ ರಾತ್ರಿ ಮೂರೂವರೆ. ಮನೆಯವರೆಲ್ಲ ನನ್ನ ಜೊತೆ ಎಚ್ಚರ ಇರುತ್ತೇವೆ ಅಂದರು. ಝಿಯಾ ಒಬ್ಬೊಬ್ಬರನ್ನಾಗಿ ಒಳಗೆ ಕಳಿಸಿದರು. ಟಿಕೆಟ್ ಹುಡುಕಿ ಸೋತಿದ್ದ ನಮ್ಮವನನ್ನೂ. ಅಡುಗೆಮನೆಯ ಮೇಜಿನ ಎದುರು ಕುರ್ಚಿ ಎಳೆದುಕೊಂಡು, "ನಿಮ್ಮಲ್ಲಿ ಏನು ಮಾಡುತ್ತಾರೆ?" ಅಂತ ಕೇಳಿದರು. ದೀಪ ಹಚ್ಚುತ್ತಾರೆ ಅಂದೆ. ಗೋರಿಗಳ ಮುಂದೆ ಇಡುವ ಕೆಂಪು ಡಬ್ಬಿಯ ಮೋಂಬತ್ತಿ ತಂದು ಫೋನಿನ ಪಕ್ಕ ಹಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು, "ನಾನು ಜಪಮಾಲೆ ಎಣಿಸಬಹುದಾ? ನಿಮ್ಮಪ್ಪ ಬೇಸರ ಮಾಡಿಕೊಳ್ಳುವುದಿಲ್ಲ ತಾನೇ?" ಅಂದರು. ಇಲ್ಲ ಅಂದೆ.

ವಿಡಿಯೊ ನಿಂತು ನಿಂತು ಬರುತ್ತಿತ್ತು. ಅಪ್ಪನ ಬಾಯಿಗೆ ಎಲ್ಲರೂ ಅಕ್ಕಿಕಾಳು ಹಾಕುವುದು ಕಂಡಿತು. ನನ್ನ ಪಾಲಿನದ್ದನ್ನು ಅಮ್ಮ ಹಾಕಿದಳು. ಬೆಂಕಿ ಕೊಡುವ ಹೊತ್ತಿಗೆ ಚಿತ್ರ ನಿಂತೇ ಹೋಯಿತು, ತಗಡಿನ ಮೇಲೆ ಹೊಯ್ಯುವ ಸದ್ದು ಮಾತ್ರ. "ಅದೇನು?" ಅಂದರು ಝಿಯಾ. ಮಳೆ ಅಂದೆ. ಮೇ ತಿಂಗಳಿಂದ ಒಂದು ಹನಿ ಕಾಣದ ಊರಿನವರು, ಫೋನನ್ನು ಕಿವಿಯ ಹತ್ತಿರ ತೆಗೆದುಕೊಂಡು ಕೇಳಿದರು.

ಆಗ ಹೇಳಿದರು. ಎಪ್ಪತ್ತರ ದಶಕದಲ್ಲಿ ಅವರ ಅಪ್ಪ ಹೋದಾಗ ಜರ್ಮನಿಗೆ ಟೆಲಿಗ್ರಾಂ ತಲುಪಿದ್ದು ಮಣ್ಣಾದ ಮೇಲೆ. "ಆ ರಾತ್ರಿ ಪಾಳಿಗೆ ಹೋದೆ. ಯಾರಿಗೂ ಹೇಳಲಿಲ್ಲ. ಯಾರಿಗೆ ಹೇಳಬೇಕಿತ್ತು?" ಅಷ್ಟೇ. ಸಮಾಧಾನ ಮಾಡಲು ಬರಲಿಲ್ಲ, ತಬ್ಬಿಕೊಳ್ಳಲಿಲ್ಲ. ನಾನು ಅಳುವುದನ್ನು ನಿಲ್ಲಿಸಲು ನೋಡಲಿಲ್ಲ.

ಆಮೇಲೆ ಊರಲ್ಲಿ ಒಬ್ಬರು ಅಮ್ಮನ ಎದುರಿಗೇ ಅಂದರಂತೆ, "ಅಪ್ಪ ಸಾಯ್ತಿದ್ರೆ ಮಗಳು ಇಟಲಿ ಸುತ್ತುತ್ತಾ ಇದ್ಲು." ಇದನ್ನು ಬರೆಯುವುದೋ ಬೇಡವೋ ಅಂತ ಬಹಳ ಯೋಚಿಸಿದೆ. ಆ ಮಾತು ಇವತ್ತಿಗೂ ಉರಿಯುತ್ತದೆ. ಅಪ್ಪನ ಕಾಲು ಮುಟ್ಟಲಿಲ್ಲ ನಾನು. ಆ ಮಾತು ನೆನಪಾದಾಗಲೆಲ್ಲ ಜೊತೆಗೆ ಝಿಯಾ ಎದುರು ಕುಳಿತದ್ದೂ ನೆನಪಾಗುತ್ತದೆ. ಹಾಗಾಗಿ ಹೇಗೋ ತಡೆದುಕೊಳ್ಳುತ್ತೇನೆ.

ಬೆಳಕು ಹರಿಯುವ ಮುಂಚೆ, ನಮ್ಮಲ್ಲಿ ಎಲ್ಲ ಮುಗಿದ ಮೇಲೆ ತಲೆಗೆ ಸ್ನಾನ ಮಾಡುತ್ತಾರೆ ಅಂದೆ. ಅವರು ಒಂದು ಕ್ಷಣ ನನ್ನ ಕೂದಲನ್ನು ನೋಡಿದರು. ಆಮೇಲೆ ಎದ್ದು ಅಂಗಳದ ಕಲ್ಲಿನ ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗಿ, ತಂಗಾಳಿಯಲ್ಲಿ, ತಾವೇ ಚೊಂಬಿನಿಂದ ನೀರು ಹೊಯ್ದರು. ಕತ್ತಿನ ಸುದ್ದಿ ಎತ್ತಲಿಲ್ಲ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆಂಟರು, ನೆರೆಯವರು ಸರದಿಯಲ್ಲಿ ಅಡುಗೆ ಮಾಡಿ ತರುತ್ತಾರೆ: ನಮ್ಮಲ್ಲಿರುವ ಈ ಪದ್ಧತಿ ಸಲೆಂಟೊದಲ್ಲೂ ಇದೆ, 'ಕುನ್ಸುಲು' ಅನ್ನುತ್ತಾರೆ. ಸತ್ತವರು ಅವರ ಓಣಿಯ ಕಡೆ ಕಾಲಿಟ್ಟವರಲ್ಲ. ಆದರೂ ಅತ್ತೆ ಹಬ್ಬದ ಮಾಂಸವನ್ನೆಲ್ಲ ಹಂಚಿ ಒಲೆ ಆರಿಸಿದರು. ಸೂತಕದಲ್ಲಿ ಹುಡುಗಿ ಮಾಂಸ ತಿನ್ನುವುದಿಲ್ಲ ಅಂತ ನಮ್ಮವನು ಒಬ್ಬರಿಗೆ ಹೇಳಿದ್ದು, ಹತ್ತು ಗಂಟೆಗೆ ಓಣಿಗೆಲ್ಲ ಗೊತ್ತಿತ್ತು. ಕಡಲೆ ಹಾಕಿ ಮಾಡುವ ಚೀಚೆರಿ ಎ ತ್ರಿಯಾ, ಹುರುಳಿಗಿಂತ ದಪ್ಪನೆಯ ಒಣ ಫಾವಾ ಕಾಳಿನ ಗಟ್ಟಿ ಸಾರು ಕಹಿ ಸೊಪ್ಪಿನ ಜೊತೆ, ಬದನೆಕಾಯಿ ಪಾರ್ಮಿಜಾನಾ, ಅಂಜೂರ. ಇಡೀ ಇಟಲಿ ಬೀಗ ಹಾಕಿಕೊಂಡ ದಿನ ಎಲ್ಲಿ ಮುದ್ರಿಸಿದರೋ, ಮಧ್ಯಾಹ್ನಕ್ಕೆ ಓಣಿಯ ಗೋಡೆಯ ಮೇಲೆ ಕಪ್ಪಂಚಿನ ಮರಣವಾರ್ತೆಯ ಕಾಗದ ಅಂಟಿತ್ತು: ಅಪ್ಪನ ಹೆಸರು, 'ತೀರ್ಥಹಳ್ಳಿ, ಭಾರತ'. ಹೆಸರಲ್ಲಿ ಎರಡು ಅಕ್ಷರ ತಪ್ಪು. ಮಾವ ಪೆನ್ನಿನಿಂದ ತಿದ್ದಿದರು.

ಈ ಸಲದ ಕಾರ್ಯಕ್ಕೆ ಅಮ್ಮ ಝಿಯಾಗೆ ಅಂತ ಒಂದು ಇಳಕಲ್ ಸೀರೆ ತೆಗೆದಿಟ್ಟಿದ್ದಳು, ನಾನು ಒಯ್ಯುತ್ತಿದ್ದೇನೆ. ಇದನ್ನು ನಮ್ಮವನು ಇಟಾಲಿಯನ್‌ಗೆ ಮಾಡಿ ಓಣಿಯವರಿಗೆ ಓದಿ ಹೇಳುತ್ತಾನಂತೆ. ಅವರಿಗೆ ಅತ್ತೆಯ ಕಡೆಯಿಂದ ಒಂದು ಸೂಚನೆ: ಕಳೆದ ವರ್ಷ ಊಟ ತಂದ ಪಾತ್ರೆಗಳಲ್ಲಿ ಒಂದು ದೊಡ್ಡ ಓವನ್ ತಟ್ಟೆ, ನೀಲಿ ಅಂಚಿನ ಎರಡು ಪಿಂಗಾಣಿ ಬಟ್ಟಲು ಇನ್ನೂ ನಮ್ಮಲ್ಲೇ ಇವೆ. ನಿಮ್ಮದಾದರೆ ಬಂದು ತೆಗೆದುಕೊಂಡು ಹೋಗಿ. ಮಧ್ಯಾಹ್ನ ಬರಬೇಡಿ, ಝಿಯಾ ಮಲಗಿರುತ್ತಾರೆ.